ಆರು ತಿಂಗಳು ಕಣ್ಣೆದುರಿಗಿರದ ಮಗುವನ್ನು ಗುರುತಿಸುವವರು ಯಾರು?

ದೀಪಾವಳಿ ಮುಗಿಯುತ್ತಿದ್ದಂತೆ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಕಬ್ಬು ಕಡಿಯುವವರು ಮಹಾರಾಷ್ಟ್ರದ ಕಡೆಗೆ, ಕಟ್ಟಡ ಕೆಲಸದವರು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನ ಕಡೆಗೆ ಹೊರಡುತ್ತಾರೆ. ಇದಕ್ಕೆ ‘ಗುಳೆ’ ಎಂಬ ಹಳೆಯ ಹೆಸರಿದೆ. ಮಕ್ಕಳ ಪೈಕಿ ಕೆಲವರು ತಂದೆ ತಾಯಿಯ ಜೊತೆಗೇ ಹೋಗುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಹೋದವರ ಹೆಸರಿನ ಮುಂದೆ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಉಳಿದವರ ಹೆಸರಿನ ಮುಂದೆ ಹಾಜರಿ ಬೀಳುತ್ತದೆ. ಆದರೆ ಉಳಿದ ಮಗು ತರಗತಿಯಲ್ಲಿ ಹೇಗಿದೆ, ಮಾತು ಕಡಿಮೆ ಮಾಡಿದೆಯೇ, ಕಾರಣವಿಲ್ಲದೆ ಹೊಡೆದಾಡುತ್ತಿದೆಯೇ ಎಂಬುದನ್ನು ಬರೆಯಲು ಯಾವ ಪುಸ್ತಕದಲ್ಲೂ ಅಂಕಣವಿಲ್ಲ.

ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಈಗ ಎಲ್ಲೆಡೆ ಮಾತು ಕೇಳಿಬರುತ್ತಿದೆ. ಅಪಾಯದ ಅಂಚಿನಲ್ಲಿರುವ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲಿಯೇ ಗುರುತಿಸಿದರೆ ಮುಂದೆ ಜೀವನಪರ್ಯಂತ ಕಾಡಬಹುದಾದ ತೊಂದರೆಗಳನ್ನು ತಪ್ಪಿಸಬಹುದು ಎಂಬುದು ತಜ್ಞರ ಸಲಹೆ. ಸಲಹೆ ತಪ್ಪಲ್ಲ. ಆದರೆ ಗುರುತಿಸುವ ವಿಧಾನವನ್ನು ರೂಪಿಸಿದವರ ಕಣ್ಣಮುಂದಿದ್ದುದು ವರ್ಷವಿಡೀ ಒಂದೇ ಶಾಲೆಯಲ್ಲಿ, ಒಬ್ಬನೇ ಶಿಕ್ಷಕನ ಎದುರು, ಮನೆಮಾತಿನಲ್ಲಿಯೇ ಪಾಠ ಕೇಳುತ್ತ ಕುಳಿತ ಮಗು. ಸೇಡಂ, ಚಿಂಚೋಳಿಯ ಮಗು ಅದಲ್ಲ.

ಒಂದು ಉದಾಹರಣೆ ನೋಡೋಣ. ಬ್ರಿಟನ್ನಿನ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಸಿದ್ಧಪಡಿಸಿದ, 25 ಅಂಶಗಳ ಒಂದು ಪ್ರಶ್ನಾವಳಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕನ್ನಡವೂ ಸೇರಿದಂತೆ ನಮ್ಮ ಅನೇಕ ಭಾಷೆಗಳಿಗೆ ಅದು ಬಂದಿದೆ. ಮಗುವಿನ ಭಾವನೆ, ನಡವಳಿಕೆ, ಚಡಪಡಿಕೆ, ಓರಗೆಯವರ ಜೊತೆಗಿನ ಸಂಬಂಧ, ಇತರರ ಬಗೆಗಿನ ಕಾಳಜಿ ಎಂಬ ಐದು ವಿಷಯಗಳನ್ನು ಅದು ಕೇಳುತ್ತದೆ. ಶಿಕ್ಷಕರೋ ಪೋಷಕರೋ ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಅದರ ತಲೆಬರಹದಲ್ಲಿ ಒಂದು ಸೂಚನೆಯಿದೆ: ಕಳೆದ ಆರು ತಿಂಗಳಲ್ಲಿ ಅಥವಾ ಈ ಶೈಕ್ಷಣಿಕ ವರ್ಷದಲ್ಲಿ ಮಗು ಹೇಗಿತ್ತು ಎಂಬುದರ ಆಧಾರದ ಮೇಲೆ ಉತ್ತರಿಸಬೇಕು.

ನಮ್ಮ ಪ್ರಶ್ನೆ ಹುಟ್ಟುವುದೇ ಈ ಆರು ತಿಂಗಳಲ್ಲಿ. ನವೆಂಬರ್‌ನಲ್ಲಿ ಊರು ಬಿಟ್ಟು ಯುಗಾದಿಯ ಆಚೀಚೆಗೆ ಮರಳುವ ಮಗುವನ್ನು ಆರು ತಿಂಗಳು ನೋಡಿದವರು ಯಾರು? ತಾಂಡಾದ ಶಾಲೆಯ ಶಿಕ್ಷಕರು ನೋಡಿಲ್ಲ. ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಶಿಕ್ಷಕರೇ ಇಲ್ಲ. ಶಾಲೆಯಲ್ಲಿ ಉಳಿದ ಮಗುವಿನ ವಿಷಯದಲ್ಲಾದರೂ ಅನುಕೂಲವಿದೆಯೇ ಎಂದರೆ ಅದೂ ಅನುಮಾನ. ಈ ಭಾಗದ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಜಾಗದಲ್ಲಿ ದುಡಿಯುತ್ತಿರುವವರು ಅತಿಥಿ ಶಿಕ್ಷಕರು. ಶೈಕ್ಷಣಿಕ ವರ್ಷ ಶುರುವಾದ ಮೇಲೆ ಬರುವವರು, ವರ್ಷ ಮುಗಿಯುತ್ತಿದ್ದಂತೆ ಹೋಗುವವರು. ಮಗುವಿನ ಹೆಸರು, ಮುಖ ಹೊಂದಿಸಿಕೊಳ್ಳುವಷ್ಟರಲ್ಲಿ ದಸರಾ ರಜೆ ಬಂದಿರುತ್ತದೆ. ‘ಹೊಸಬರ ಮುಂದೆ ಅಂಜುತ್ತದೆಯೇ’ ಎಂಬ ಪ್ರಶ್ನೆಗೆ ಸ್ವತಃ ಹೊಸಬರಾದ ಶಿಕ್ಷಕರು ಏನೆಂದು ಉತ್ತರಿಸಬೇಕು?

ನಮ್ಮಲ್ಲಿ ಈ ತೊಂದರೆಯ ಪ್ರಮಾಣ ಎಷ್ಟೆಂಬುದಕ್ಕೆ ಒಂದು ಗಟ್ಟಿ ಅಧ್ಯಯನ ಕರ್ನಾಟಕದಲ್ಲಿಯೇ ನಡೆದಿದೆ. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 16 ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ಶೇ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಮಧ್ಯಮ ವರ್ಗ, ಕೊಳೆಗೇರಿ, ಹಳ್ಳಿ ಎಂಬ ಮೂರು ಕಡೆಗಳ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಬಡವರ ಮಕ್ಕಳೇ ಕೆಡುವವರು ಎಂದು ನಂಬಿಕೊಂಡವರು ಈ ಮಾತನ್ನು ಎರಡು ಸಲ ಓದಬೇಕು. ಇನ್ನೊಂದು ಅಂಶ ಇದಕ್ಕಿಂತ ಮುಖ್ಯ: ತಮ್ಮ ಮಗುವಿಗೆ ತೊಂದರೆಯಿದೆ ಎಂದು ಅರಿತಿದ್ದ ಕುಟುಂಬಗಳು ಶೇ 37.5 ಮಾತ್ರ. ಮಿಕ್ಕವರ ಕಣ್ಣಿಗೆ ಅದು ಹಟ, ಸೋಮಾರಿತನ, ಇಲ್ಲವೇ ‘ಒಳ್ಳೆಯ ಶಾಂತ ಸ್ವಭಾವ’.

ಮುಂದೆ 2015–16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯೋಮಾನದಲ್ಲಿ ಶೇ 7.3ರ ಪ್ರಮಾಣವನ್ನು ದಾಖಲಿಸಿತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅಂದಮೇಲೆ ಕಲಬುರಗಿಯ ಮಾತು ದೂರವೇ ಉಳಿಯಿತು.

ಚಿಕ್ಕಂದಿನ ತೊಂದರೆ ದೊಡ್ಡವರಾದ ಮೇಲೂ ಉಳಿಯುತ್ತದೆಯೇ? ನ್ಯೂಜಿಲೆಂಡಿನ ಡ್ಯುನೆಡಿನ್ ಪಟ್ಟಣದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳ ಕಾಲ ಬಿಡದೆ ಹಿಂಬಾಲಿಸಿದ ಅಧ್ಯಯನ ಈ ಪ್ರಶ್ನೆಗೆ ದೊರೆತ ಅತ್ಯುತ್ತಮ ಉತ್ತರಗಳಲ್ಲಿ ಒಂದು. ಅಲ್ಲಿ ಕೆಲಸ ಮಾಡಿದ ಟೆರಿ ಮೊಫಿಟ್ 1993ರಲ್ಲಿ ಎರಡು ಬಗೆಯ ಮಕ್ಕಳನ್ನು ಪ್ರತ್ಯೇಕಿಸಿ ತೋರಿಸಿದರು. ಮೊದಲ ಬಗೆಯವರಲ್ಲಿ ಆಕ್ರಮಣಶೀಲತೆ ಮೂರು ನಾಲ್ಕನೇ ವಯಸ್ಸಿನಲ್ಲಿಯೇ ಕಾಣಿಸಿಕೊಂಡು ಜೀವನವಿಡೀ ಉಳಿಯುತ್ತದೆ. ಇವರ ಸಂಖ್ಯೆ ಚಿಕ್ಕದು. ಎರಡನೆಯವರು ಹದಿಹರೆಯದಲ್ಲಿ ದಾರಿ ತಪ್ಪಿ ಆಮೇಲೆ ತಾವಾಗಿಯೇ ಸರಿಹೋಗುವವರು. ಇವರೇ ಬಹಳ. ಅದೇ ಮಕ್ಕಳ ಮೇಲಿನ ಮುಂದಿನ ಅಧ್ಯಯನಗಳಲ್ಲಿ ಮೂರನೆಯ ಗುಂಪೊಂದು ಕಂಡುಬಂತು: ಬಾಲ್ಯದಲ್ಲಿ ಎಲ್ಲರ ತಲೆ ಕೆಡಿಸಿ, ಬೆಳೆದ ಮೇಲೆ ಬಹುಮಟ್ಟಿಗೆ ಸರಿದಾರಿಗೆ ಬಂದವರು. ಐದನೇ ವಯಸ್ಸಿನಲ್ಲಿ ಈ ಮೂರನೆಯ ಗುಂಪಿಗೂ ಮೊದಲನೆಯದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದು ಕಷ್ಟ.

ಆದ್ದರಿಂದ ಒಮ್ಮೆ ಜರಡಿ ಹಿಡಿದು ಪಟ್ಟಿ ಮಾಡುವುದು ಅಪಾಯಕಾರಿ. ಲೆಕ್ಕ ಹಾಕಿ ನೋಡಬಹುದು. ಸಾವಿರ ಮಕ್ಕಳಲ್ಲಿ 120 ಮಂದಿಗೆ ನಿಜವಾದ ತೊಂದರೆಯಿದೆ ಎಂದಿಟ್ಟುಕೊಳ್ಳೋಣ. ನಮ್ಮ ಪ್ರಶ್ನಾವಳಿ ಅವರಲ್ಲಿ ನೂರಕ್ಕೆ 80ರಷ್ಟು ಮಂದಿಯನ್ನು ಹಿಡಿಯುತ್ತದೆ, ತೊಂದರೆಯಿಲ್ಲದವರಲ್ಲಿ ನೂರಕ್ಕೆ 15 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎನ್ನೋಣ. ಆಗ ಪಟ್ಟಿಗೆ ಬರುವ 228 ಮಕ್ಕಳಲ್ಲಿ ನಿಜವಾಗಿ ತೊಂದರೆಯಿರುವವರು 96, ಸುಮ್ಮನೆ ಸೇರಿಹೋದವರು 132. ಇನ್ನೂ 24 ಮಕ್ಕಳು ಜರಡಿಯಿಂದ ಜಾರಿಹೋಗಿರುತ್ತಾರೆ. ಇದು ಕೆಟ್ಟ ಪ್ರಶ್ನಾವಳಿಯ ಲೆಕ್ಕವಲ್ಲ, ಒಳ್ಳೆಯದರ ಲೆಕ್ಕ.

ತಪ್ಪಾಗಿ ಸೇರುವವರು ಯಾರಿರಬಹುದು ಎಂಬುದನ್ನು ಈ ಪ್ರದೇಶ ಬಲ್ಲವರು ಊಹಿಸಬಲ್ಲರು. ಮನೆಯಲ್ಲಿ ಲಂಬಾಣಿ ಮಾತನಾಡುವ ಮಗು ಒಂದನೇ ತರಗತಿಯಲ್ಲಿ ಮಾತಿಲ್ಲದೆ ಕುಳಿತಿದ್ದರೆ ಅದು ಖಿನ್ನತೆಯಲ್ಲ, ಕನ್ನಡ ಬಾರದ ಮೌನ. ಚಿಂಚೋಳಿಯ ಕುಂಚಾವರಂ ಕಡೆಗೂ ಸೇಡಂನ ಗಡಿಗೂ ಹೋದರೆ ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಶಹಾಬಾದ್, ವಾಡಿಯಲ್ಲಿ ಉರ್ದು, ಮರಾಠಿ, ಹಿಂದಿಯ ಮಕ್ಕಳಿದ್ದಾರೆ. ನಾಲ್ಕು ಭಾಷೆಗಳ ನಡುವೆ ಬೆಳೆಯುವುದು ಕೊರತೆಯಲ್ಲ. ಆದರೆ ಒಂದೇ ಭಾಷೆ ಬಲ್ಲ ಶಿಕ್ಷಕರ ಕಣ್ಣಿಗೆ ಅದು ಕೊರತೆಯಾಗಿಯೇ ಕಾಣುತ್ತದೆ. ಇಂಥ ಮಗುವಿನ ಹೆಸರಿಗೆ ‘ವರ್ತನಾ ಸಮಸ್ಯೆ’ ಎಂಬ ಚೀಟಿ ಅಂಟಿಸಿದರೆ ಅದನ್ನು ಮತ್ತೆ ಕೀಳುವವರು ಯಾರೂ ಇರುವುದಿಲ್ಲ. ಜಾತಿಯ ಕಾರಣಕ್ಕೆ ಈಗಾಗಲೇ ಒಂದು ಚೀಟಿ ಹೊತ್ತ ಮಕ್ಕಳಿಗೆ ಎರಡನೆಯದರ ಭಾರ ಎಷ್ಟಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಜಾರಿಹೋಗುವವರು ಯಾರು? ಗಲಾಟೆ ಮಾಡುವ ಹುಡುಗ ಖಂಡಿತ ಅಲ್ಲ. ಅವನನ್ನು ಗುರುತಿಸಲು ಪ್ರಶ್ನಾವಳಿಯೇ ಬೇಕಿಲ್ಲ, ‘ಭಾಳ ಹಟಮಾರಿ ಆಗ್ಯಾನ್ರಿ ಸರ್, ನನ್ನ ಮಾತೇ ಕೇಳವಲ್ಲ’ ಎಂದು ಅಜ್ಜಿಯೇ ಶಾಲೆಗೆ ಬಂದು ಹೇಳುತ್ತಾಳೆ. ಜಾರಿಹೋಗುವುದು ತಮ್ಮಂದಿರನ್ನು ನೋಡಿಕೊಳ್ಳುತ್ತ, ಕೊಟ್ಟ ಕೆಲಸ ಮಾಡುತ್ತ, ಕೊನೆಯ ಸಾಲಿನಲ್ಲಿ ಸದ್ದಿಲ್ಲದೆ ಕೂರುವ ಹುಡುಗಿ. ಅವಳು ಯಾರಿಗೂ ತೊಂದರೆ ಕೊಡುವುದಿಲ್ಲ. ಏಳನೆಯ ತರಗತಿಯ ನಂತರ ಶಾಲೆಗೂ ಬರುವುದಿಲ್ಲ. ಬಾಲ್ಯವಿವಾಹ ಇನ್ನೂ ಅಳಿಯದ ಸೀಮೆಯಲ್ಲಿ ಅವಳ ಗೈರುಹಾಜರಿಗೆ ಎಲ್ಲರ ಬಳಿಯೂ ಸಿದ್ಧ ವಿವರಣೆ ಇರುತ್ತದೆ.

ಹೀಗೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಶಹಾಬಾದಿನ ಕಲ್ಲು ದೇಶದ ಎಷ್ಟೋ ರೈಲು ನಿಲ್ದಾಣಗಳ, ಮನೆಗಳ ನೆಲವಾಗಿದೆ. ಆ ಕಲ್ಲನ್ನು ಎಬ್ಬಿಸುವ ಗಣಿಗಳ ಮಗ್ಗುಲಲ್ಲಿ ಬೆಳೆಯುವ ಮಗು ದಿನವೂ ನೋಡುವುದು ಮೈಮುರಿಯುವ ದುಡಿಮೆ, ಮುಂಗಡದ ಸಾಲ, ಸಂಜೆಯ ಕುಡಿತ, ರಾತ್ರಿಯ ಜಗಳ. ಸಿಮೆಂಟ್ ಕಾರ್ಖಾನೆಗಳ ಸುತ್ತ ಬೆಳೆದ ವಾಡಿ, ಮಳಖೇಡ, ಸೇಡಂಗಳಲ್ಲಿ ಕಾಲೊನಿಯ ಗೋಡೆಯೊಳಗೆ ಒಂದು ಬಾಲ್ಯ, ಹೊರಗೆ ಗುತ್ತಿಗೆ ಕಾರ್ಮಿಕರ ಬಾಡಿಗೆ ಕೋಣೆಯಲ್ಲಿ ಇನ್ನೊಂದು ಬಾಲ್ಯ. ವಾಡಿಯಂತೂ ಮುಂಬೈ, ಚೆನ್ನೈ, ಸಿಕಂದರಾಬಾದ್ ಮಾರ್ಗಗಳು ಕೂಡುವ ಜಂಕ್ಷನ್. ಮನೆಯಲ್ಲಿ ಪೆಟ್ಟು ತಿಂದ ಹುಡುಗನಿಗೆ ಮೂರು ದಿಕ್ಕಿನ ರೈಲುಗಳು ಸಿಗುತ್ತವೆ. ಪ್ಲಾಟ್‌ಫಾರಂನಲ್ಲಿ ಒಂಟಿಯಾಗಿ ಸಿಕ್ಕ ಹುಡುಗನನ್ನು ರೈಲ್ವೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಯ್ಯುವುದೂ ಒಂದು ಬಗೆಯ ಗುರುತಿಸುವಿಕೆಯೇ. ಆದರೆ ಐದಾರು ವರ್ಷ ತಡವಾದದ್ದು.

ಸರ್ಕಾರದ ಬಳಿ ಯೋಜನೆಗಳಿಲ್ಲವೇ? ಬೇಕಾದಷ್ಟಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತಪಾಸಣೆಯ ಪಟ್ಟಿಯಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಗಮನ ಕೊರತೆಯ ತೊಂದರೆಗಳೂ ಸೇರಿವೆ. ಹಲ್ಲು, ಕಣ್ಣು, ರಕ್ತಹೀನತೆಗಳನ್ನು ಒಂದು ಬೆಳಗಿನಲ್ಲಿ ನೋಡಿ ಮುಗಿಸಬಹುದು. ಮನಸ್ಸನ್ನು ಹಾಗೆ ನೋಡಲಾಗದು. ತಂಡ ಬಂದ ದಿನ ಮಗು ಗುಳೆ ಹೋಗಿದ್ದರಂತೂ ಅದರ ಹಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ. ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಿವೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರನ್ನು ಕರೆತರುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ 2014ರಲ್ಲಿ ಆರಂಭಿಸಿತು. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಇವೆಲ್ಲ ತೊಂದರೆಯನ್ನು ಗುರುತಿಸಿಕೊಂಡು ಬಂದವರಿಗೆ ಬಾಗಿಲು ತೆರೆಯುತ್ತವೆ. ಎಂಟು ವರ್ಷದ ಮಗು ತಾನಾಗಿ ಬಾಗಿಲು ತಟ್ಟುವುದಿಲ್ಲ.

ಇಡೀ ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಇದೇ ಕಲ್ಯಾಣ ಕರ್ನಾಟಕದಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ ಎಂಬುದನ್ನು ಇಲ್ಲಿ ನೆನೆಯಬಹುದು. ಮನೋವೈದ್ಯರಿಗಾಗಿ ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಕೆಲಸ ಮಾಡಿಸಬಹುದು ಎಂದು ಬಳ್ಳಾರಿ ತೋರಿಸಿತು. ಮಕ್ಕಳ ವಿಷಯದಲ್ಲಿ ಅದೇ ತರ್ಕವನ್ನು ಶಾಲೆಗೆ ಅನ್ವಯಿಸಲು ಮಾಳವಿಕಾ ಕಪೂರ್ ದಶಕಗಳ ಕಾಲ ದುಡಿದರು. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಪ್ರೌಢಶಾಲಾ ಶಿಕ್ಷಕರ ಮೂಲಕವೇ ಜೀವನ ಕೌಶಲ ಕಲಿಸುವ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ನಡೆಸಿದರು. ನಮ್ಮಲ್ಲಿ ಅನುಭವದ ಬಡತನವಿಲ್ಲ.

ಹಾಗಾದರೆ ಈ ಹೊಣೆಯನ್ನೂ ಶಿಕ್ಷಕರ ಹೆಗಲಿಗೇ ಹೊರಿಸಿಬಿಡೋಣವೇ? ಇಲ್ಲಿ ಎಚ್ಚರ ಬೇಕು. ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ‘ಸೆಹರ್’ ಹೆಸರಿನ ಪ್ರಯೋಗವೊಂದು ನಡೆದು, ಅದರ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮವನ್ನು ಶಿಕ್ಷಕರೇ ನಡೆಸಿದರು. ಇನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿ ತರಬೇತಿ ಕೊಟ್ಟ, ಮನೋವಿಜ್ಞಾನದ ಪದವಿಯಿಲ್ಲದ ಸಾಮಾನ್ಯ ಸಲಹೆಗಾರರು ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣಗಳೂ ಪೀಡನೆಯೂ ಇಳಿದವು. ಶಿಕ್ಷಕರು ನಡೆಸಿದ ಕಡೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಬಿಸಿಯೂಟ, ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವಿಕೆಗಳ ನಡುವೆ ಪಾಠಕ್ಕೇ ಬಿಡುವು ಹುಡುಕುವ ನಮ್ಮ ಶಿಕ್ಷಕರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಲೇಖಕನ ಅಭಿಪ್ರಾಯದಲ್ಲಿ ನಳಂದಾದ ಪಾಠವೇ ಸೇಡಂ, ಚಿಂಚೋಳಿಗೆ ಒಪ್ಪುವಂಥದ್ದು. ಪದವಿ ಮುಗಿಸಿ ಕೆಲಸವಿಲ್ಲದೆ ಕುಳಿತ ಯುವತಿಯರು ಈ ತಾಲ್ಲೂಕುಗಳ ಊರೂರಿನಲ್ಲಿದ್ದಾರೆ. ಮೂರು ನಾಲ್ಕು ಶಾಲೆಗಳಿಗೆ ಒಬ್ಬರಂತೆ, ಆ ಊರಿನವರೇ ಆದ, ಲಂಬಾಣಿಯೋ ತೆಲುಗೋ ಬಲ್ಲ ಒಬ್ಬರನ್ನು ಕನಿಷ್ಠ ಐದು ವರ್ಷ ಬದಲಾಯಿಸದೆ ಇಡಬೇಕು. ಶಿಕ್ಷಕರು ಬದಲಾದರೂ, ಮಗು ಹೋಗಿ ಬಂದರೂ, ನೋಡುವ ಕಣ್ಣು ಒಂದೇ ಆಗಿರುತ್ತದೆ. ಪ್ರಶ್ನಾವಳಿ ಅವರ ಕೈಯಲ್ಲಿರಲಿ. ಆದರೆ ಒಂದೇ ಸಲ ತುಂಬಿ ತೀರ್ಪು ಕೊಡದೆ, ವರ್ಷದ ಅಂತರದಲ್ಲಿ ಎರಡು ಸಲ ತುಂಬಿ, ಎರಡೂ ಸಲ ಕಂಡ ಮಗುವಿನ ಮನೆಗೆ ಹೋಗಿ ಮಾತನಾಡಿ, ಆನಂತರವೇ ಮಂಗಳವಾರದ ಮನೋವೈದ್ಯರ ಬಳಿ ಕಳಿಸಬೇಕು. ಮೊದಲ ಸಲದ ಹೆಸರುಗಳು ಶಾಲೆಯ ಯಾವ ದಾಖಲೆಯಲ್ಲೂ, ವರ್ಗಾವಣೆ ಪತ್ರದಲ್ಲೂ ಕಾಣಿಸಕೂಡದು.

ಎಲ್ಲಕ್ಕೂ ಮೊದಲು ಯಾರ ಹೆಸರನ್ನೂ ಪಟ್ಟಿಗೆ ಹಾಕದೆ ಮಾಡಬಹುದಾದ ಕೆಲಸವೊಂದಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಶೆಪರ್ಡ್ ಕೆಲ್ಲಮ್ ಎಂಬ ಮನೋವೈದ್ಯರು 1980ರ ದಶಕದ ಮಧ್ಯದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಒಂದು ಗುಂಪಾಟ ಆಡಿಸಿದರು. ತರಗತಿಯನ್ನು ತಂಡಗಳಾಗಿ ಮಾಡಿ, ಶಿಸ್ತಿನಿಂದ ಕೂತು ಕೆಲಸ ಮಾಡಿದ ತಂಡಕ್ಕೆ ಸಣ್ಣ ಬಹುಮಾನ ಕೊಡುವುದು, ಅಷ್ಟೇ. ಅತಿ ಹೆಚ್ಚು ಆಕ್ರಮಣಶೀಲರಾಗಿದ್ದ ಹುಡುಗರಿಗೇ ಅದರ ಲಾಭ ಹೆಚ್ಚು ದಕ್ಕಿತು ಎಂಬುದು ಅವರು ಇಪ್ಪತ್ತರ ಹರೆಯ ಮುಟ್ಟಿದಾಗ ತಿಳಿಯಿತು. ಆ ಆಟದಲ್ಲಿ ಯಾವ ಹುಡುಗನನ್ನೂ ‘ನೀನು ಅಪಾಯದ ಮಗು’ ಎಂದು ಬೇರೆ ಕೂರಿಸಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿರುವ ಹೊಡೆತ, ಬೈಗುಳಗಳನ್ನು ನಮ್ಮ ಶಾಲೆಗಳು ನಿಜವಾಗಿ ಬಿಟ್ಟರೂ ಅದೇ ಬಗೆಯ ಕೆಲಸ ಆರಂಭವಾದಂತೆ.

ಅಜ್ಜಿಯರ ಬಗ್ಗೆ ಒಂದು ಮಾತು. ತಂದೆ ತಾಯಿ ಬಿಟ್ಟುಹೋದ ಮಗುವನ್ನು ಸಾಕುವ ಅಜ್ಜಿಯನ್ನೇ ಸಮಸ್ಯೆಯೆಂಬಂತೆ ಬರೆಯುವ ವರದಿಗಳುಂಟು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಹಿಂಬಾಲಿಸಿದ ಎಮ್ಮಿ ವರ್ನರ್, ಹುಟ್ಟಿನಿಂದಲೇ ಹತ್ತಾರು ಕಷ್ಟಗಳ ನಡುವೆ ಬೆಳೆದವರಲ್ಲಿ ಮೂರನೆಯ ಒಂದು ಭಾಗ ಸಮರ್ಥರೂ ಅಂತಃಕರಣವುಳ್ಳವರೂ ಆಗಿ ಬೆಳೆದುದನ್ನು ಕಂಡರು. ಅವರ ಬದುಕಿನಲ್ಲಿ ಗಟ್ಟಿಯಾಗಿ ನಿಂತ ಒಬ್ಬರಾದರೂ ಹಿರಿಯರಿದ್ದರು. ಎಷ್ಟೋ ಸಲ ಅದು ಅಜ್ಜಿ, ಕೆಲವೊಮ್ಮೆ ಶಿಕ್ಷಕಿ. ತಾಂಡಾದ ಅಜ್ಜಿಗೆ ಬೇಕಾದದ್ದು ಉಪದೇಶವಲ್ಲ. ಹೊತ್ತಿಗೆ ಸರಿಯಾಗಿ ಬರುವ ಪಿಂಚಣಿ, ಹುಡುಗ ಹಟ ಹಿಡಿದಾಗ ಕೇಳಿಕೊಳ್ಳಲು ಊರಿನಲ್ಲೊಬ್ಬರು.

ಹಣ ಎಲ್ಲಿಂದ ಎಂಬ ಪ್ರಶ್ನೆ ಕಲಬುರಗಿಯ ಮಟ್ಟಿಗೆ ಸಲ್ಲದು. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಚಿಂಚೋಳಿ, ಚಿತ್ತಾಪುರ, ಸೇಡಂ ಮೂರೂ ಆ ಪಟ್ಟಿಯಲ್ಲಿದ್ದವು. ಆನಂತರ 371 (ಜೆ) ವಿಧಿ ಬಂತು, ಪ್ರಾದೇಶಿಕ ಮಂಡಳಿ ಬಂತು, ಅನುದಾನ ಬಂತು, ಶಿಕ್ಷಣಕ್ಕೆಂದೇ ‘ಅಕ್ಷರ ಆವಿಷ್ಕಾರ’ ಯೋಜನೆಯೂ ಬಂತು. ಇಷ್ಟರ ನಂತರವೂ 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲಿ ಕೊನೆಯ ಸ್ಥಾನ. ಆಗ ಎದ್ದ ಚರ್ಚೆಯೆಲ್ಲ ಗಣಿತ, ಇಂಗ್ಲಿಷ್, ವಿಶೇಷ ತರಗತಿಗಳ ಸುತ್ತಲೇ ತಿರುಗಿತು. ಹತ್ತನೆಯ ತರಗತಿಯಲ್ಲಿ ಬಿದ್ದ ಮಗು ಎರಡನೆಯ ತರಗತಿಯಲ್ಲಿಯೇ ಯಾರ ಕಣ್ಣಿನಿಂದಲೋ ಬಿದ್ದಿರಬಹುದು ಎಂದು ಕೇಳಿದವರು ವಿರಳ. ಕೋವಿಡ್ ಕಾಲದಲ್ಲಿ, 2020ರ ಜೂನಿನಲ್ಲಿ, ಒಂದನೆಯ ತರಗತಿಗೆ ಕಾಲಿಡಬೇಕಿದ್ದ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅವರು ಹತ್ತನೆಯ ತರಗತಿಗೆ ಬರುವ ವರ್ಷ ದೂರವೇನಿಲ್ಲ.

ಇದು ಕಲಬುರಗಿಯ ಸಮಸ್ಯೆ, ನಮ್ಮದಲ್ಲ ಎಂದು ರಾಜಧಾನಿಯ ಓದುಗರು ಪುಟ ತಿರುಗಿಸಬಾರದು. ನಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಕೆಳಗೆ, ತಗಡಿನ ಶೆಡ್ಡಿನ ಮುಂದೆ ಮರಳಿನಲ್ಲಿ ಆಡುತ್ತಿರುವ ಮಗು ಚಿತ್ತಾಪುರದ್ದೋ ಚಿಂಚೋಳಿಯದೋ ಇರಬಹುದು. ಅದರ ಹೆಸರು ಅಲ್ಲಿನ ಶಾಲೆಯಲ್ಲಿದೆ, ಅದು ಇಲ್ಲಿದೆ. ಎರಡೂ ಕಡೆಯ ಶಿಕ್ಷಣ ಇಲಾಖೆ ಒಂದೇ. ಆದರೂ ಒಂದು ಕಡೆ ಅದು ‘ದೀರ್ಘ ಗೈರು’, ಇನ್ನೊಂದು ಕಡೆ ಅದು ಏನೂ ಅಲ್ಲ.

ಮಹಾರಾಷ್ಟ್ರ ಸರ್ಕಾರ ವಲಸೆ ಹೋಗುವ ಮಕ್ಕಳ ಕೈಗೆ ‘ಶಿಕ್ಷಣ ಹಮಿ ಕಾರ್ಡ್’ ಕೊಡುವ ಪದ್ಧತಿ ತಂದಿದೆ. ಹೋದೆಡೆ ಆ ಕಾರ್ಡ್ ತೋರಿಸಿದರೆ ಶಾಲೆ ಮಗುವನ್ನು ಸೇರಿಸಿಕೊಳ್ಳಬೇಕು. ಕಲಬುರಗಿ ಜಿಲ್ಲೆಯ ಮಕ್ಕಳಿಗೂ ಅಂಥದೊಂದು ಕಾರ್ಡ್ ಕೊಡಬಹುದು. ಅದರಲ್ಲಿ ಓದು, ಬರಹ, ಲೆಕ್ಕದ ಮಟ್ಟದ ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟರೆ ಮಗು ಯಾರೊಡನೆ ಆಡುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾರ ಮಾತು ಕೇಳುತ್ತದೆ ಎಂಬುದನ್ನು ಬರೆದು ಕಳಿಸಬಹುದು. ಕನ್ನಡದ ಪಕ್ಕದಲ್ಲಿ ಮರಾಠಿ, ತೆಲುಗೂ ಇದ್ದರೆ ಸೊಲ್ಲಾಪುರದ, ಹೈದರಾಬಾದಿನ ಶಿಕ್ಷಕಿಗೂ ಅದು ಓದಲು ಬರುತ್ತದೆ. ಅಚ್ಚು ಹಾಕಿಸಲು ದೊಡ್ಡ ಮೊತ್ತವೇನೂ ಬೇಡ. ಆದರೆ ಅದು ಶಾಲೆಗಳಿಗೆ ತಲುಪಬೇಕಾದದ್ದು ಮಾರ್ಚ್ ತಿಂಗಳ ಬಜೆಟ್ ಮುಗಿಸುವ ಧಾವಂತದಲ್ಲಲ್ಲ. ದೀಪಾವಳಿಯ ಒಳಗೆ, ತಾಂಡಾದ ಮನೆಗಳಿಗೆ ಬೀಗ ಬೀಳುವ ಮುನ್ನ.